ನದಿಯ ಬಾಬ್ತಿನ ಲೆಕ್ಕ: ಕೈಗಾರಿಕೆಗಳ ಪರಿಸರ ಸಂರಕ್ಷಣಾ ವೆಚ್ಚ ಮತ್ತು ಹೊನ್ನಾಳಿ ಪರಿಸರದ ತುಂಗಭದ್ರೆ

1. ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆಯರು ಸಂಗಮಿಸುತ್ತಾರೆ. ಅಲ್ಲಿಂದ ಮುಂದೆ ತುಂಗಭದ್ರೆಯೆಂಬ ಹೆಸರಿನಿಂದ ಹರಿಯುವ ನದಿಯು ಹೊನ್ನಾಳಿಯನ್ನು ದಾಟಿ ಹರಿಹರದ ಕಡೆಗೆ ಸಾಗುತ್ತದೆ. ಹೊನ್ನಾಳಿ ಪಟ್ಟಣದಲ್ಲಿ ದೊಡ್ಡ ಕೈಗಾರಿಕೆಗಳಿಲ್ಲ. ತುಂಗಾ ಮತ್ತು ಭದ್ರಾ ಕಾಲುವೆಗಳ ನೀರನ್ನು ಆಶ್ರಯಿಸಿದ ಭತ್ತದ ಬೇಸಾಯ, ಅಡಿಕೆ ತೋಟ, ಅಕ್ಕಿ ಗಿರಣಿ ಇವೇ ಇಲ್ಲಿನ ಆರ್ಥಿಕ ಜೀವನದ ಆಧಾರಗಳು. ಆದರೂ ಕೈಗಾರಿಕೆಗಳು ಪರಿಸರ ಸಂರಕ್ಷಣೆಗೆ ಎಷ್ಟು ವೆಚ್ಚ ಮಾಡುತ್ತವೆ ಎಂಬ ಪ್ರಶ್ನೆಯನ್ನು ವಿವೇಚಿಸಲು ಈ ಊರು ಒಂದು ವಿಶಿಷ್ಟ ನೆಲೆಯನ್ನು ಒದಗಿಸುತ್ತದೆ. ಇದರ ಮೇಲ್ಭಾಗದಲ್ಲಿ ಭದ್ರೆಯ ದಡದ ಭದ್ರಾವತಿಯಿದೆ. ಕೆಳಭಾಗದಲ್ಲಿ ಹರಿಹರಕ್ಕೆ ಎದುರಾಗಿ ಕುಮಾರಪಟ್ಟಣವಿದೆ. ಕರ್ನಾಟಕದ ಕೈಗಾರಿಕಾ ಚರಿತ್ರೆಯ ಎರಡು ಪ್ರಮುಖ ಅಧ್ಯಾಯಗಳ ನಡುವೆ ಹೊನ್ನಾಳಿ ನಿಂತಿದೆ.

ಮೇಲಿನ ಕಾರ್ಖಾನೆಗಳ ಸಂಬಳ ಹೊನ್ನಾಳಿಗೆ ಬರುವುದಿಲ್ಲ, ಆದರೆ ಅವು ಬಳಸಿಬಿಟ್ಟ ನೀರು ಬರುತ್ತದೆ. ಆದ್ದರಿಂದ ಶುದ್ಧೀಕರಣಕ್ಕೆ ಕಾರ್ಖಾನೆಯು ಮಾಡುವ ವೆಚ್ಚವು ಕಾರ್ಖಾನೆಯ ಒಳಗಿನ ಸಂಗತಿ ಮಾತ್ರವಲ್ಲ. ಅಲ್ಲಿ ಉಳಿಸಿದ ಪ್ರತಿ ರೂಪಾಯಿಯೂ ಕೆಳಗಿನ ಊರಿನ ಯಾವುದೋ ಬಾಬ್ತಿನಲ್ಲಿ ಖರ್ಚಾಗಿ ಕಾಣಿಸಿಕೊಳ್ಳುತ್ತದೆ. ಪ್ರಸ್ತುತ ಲೇಖನದಲ್ಲಿ ಪರಿಸರ ಸಂರಕ್ಷಣಾ ವೆಚ್ಚವೆಂದರೇನು, ತುಂಗಭದ್ರೆಯ ದಡದ ಉದ್ದಿಮೆಗಳ ಇತಿಹಾಸ ಈ ಬಗ್ಗೆ ಏನನ್ನು ತಿಳಿಸುತ್ತದೆ, ಕಾನೂನು ವಿಧಿಸಿದ ದರಗಳು ವೆಚ್ಚ ಮಾಡಲು ಪ್ರೇರಣೆ ನೀಡಿದವೇ, ಈ ವೆಚ್ಚದ ಲೆಕ್ಕ ಎಲ್ಲಿ ದೊರೆಯುತ್ತದೆ ಎಂಬ ನಾಲ್ಕು ಅಂಶಗಳನ್ನು ಪರಿಶೀಲಿಸಲಾಗಿದೆ.

2. ವೆಚ್ಚದ ಸ್ವರೂಪ

ಪರಿಸರ ಸಂರಕ್ಷಣಾ ವೆಚ್ಚವನ್ನು ಮೊದಲಿಗೆ ಎರಡು ಬಗೆಯಾಗಿ ವಿಂಗಡಿಸಬಹುದು. ಒಂದು ಬಂಡವಾಳ ವೆಚ್ಚ: ತ್ಯಾಜ್ಯನೀರು ಶುದ್ಧೀಕರಣ ಘಟಕ, ಚಿಮಣಿಗೆ ಅಳವಡಿಸುವ ಧೂಳು ಹಿಡಿಯುವ ಯಂತ್ರ, ಘನತ್ಯಾಜ್ಯವನ್ನು ಇಡುವ ಭದ್ರ ತಾಣ ಮೊದಲಾದವುಗಳಿಗೆ ಒಮ್ಮೆ ತೊಡಗಿಸುವ ಹಣ. ಇನ್ನೊಂದು ನಿರ್ವಹಣಾ ವೆಚ್ಚ: ವಿದ್ಯುತ್ತು, ರಾಸಾಯನಿಕಗಳು, ಸಿಬ್ಬಂದಿಯ ವೇತನ, ದುರಸ್ತಿ, ಕೆಸರಿನ ವಿಲೇವಾರಿ, ಪ್ರಯೋಗಾಲಯದ ಪರೀಕ್ಷೆ ಇತ್ಯಾದಿ ನಿತ್ಯದ ಖರ್ಚು. ಸಮಾರಂಭದಲ್ಲಿ ಉದ್ಘಾಟನೆಗೊಳ್ಳುವುದು ಮೊದಲನೆಯದು. ನದಿಯನ್ನು ಕಾಯುವುದು ಎರಡನೆಯದು. ಇವೆರಡರ ಪ್ರಮಾಣವನ್ನು ಅರಿಯಲು ಅಮೆರಿಕ ಸಂಯುಕ್ತ ಸಂಸ್ಥಾನದ ಸಮೀಕ್ಷೆಯೊಂದು ನೆರವಾಗುತ್ತದೆ. ಅಲ್ಲಿನ ಜನಗಣತಿ ಇಲಾಖೆಯು 1973ರಿಂದ 1994ರವರೆಗೆ ಬಹುತೇಕ ಪ್ರತಿವರ್ಷವೂ, ಆನಂತರ 1999 ಮತ್ತು 2005ರ ಸಾಲಿಗೂ ತಯಾರಿಕಾ ಉದ್ದಿಮೆಗಳ ಮಾಲಿನ್ಯ ನಿಯಂತ್ರಣ ವೆಚ್ಚವನ್ನು ಸಂಗ್ರಹಿಸಿತು. 2005ರಲ್ಲಿ ಬಂಡವಾಳ ವೆಚ್ಚ ಸುಮಾರು 590 ಕೋಟಿ ಡಾಲರ್. ನಿರ್ವಹಣಾ ವೆಚ್ಚ ಸುಮಾರು 2,070 ಕೋಟಿ ಡಾಲರ್. ಅಂದರೆ ಎರಡನೆಯದು ಮೊದಲನೆಯದರ ಮೂರೂವರೆ ಪಟ್ಟು. ಆದರೂ ಈ ನಿರ್ವಹಣಾ ವೆಚ್ಚವು ಉತ್ಪನ್ನದ ಒಟ್ಟು ಮೌಲ್ಯದ ಶೇ. 1ಕ್ಕಿಂತ ಕಡಿಮೆಯಿತ್ತು ಎಂಬುದು ಗಮನಾರ್ಹ.

ಎರಡನೆಯ ವಿಂಗಡಣೆ ಇನ್ನಷ್ಟು ತೊಡಕಿನದು. ಕೊಳವೆಯ ತುದಿಯಲ್ಲಿ ನಿಲ್ಲಿಸಿದ ಶುದ್ಧೀಕರಣ ಘಟಕದ ವೆಚ್ಚವನ್ನು ಸುಲಭವಾಗಿ ಗುರುತಿಸಬಹುದು. ಆದರೆ ತಯಾರಿಕಾ ವಿಧಾನವನ್ನೇ ಬದಲಿಸಿ ತ್ಯಾಜ್ಯ ಹುಟ್ಟದಂತೆ ಮಾಡಿದರೆ ಆ ವೆಚ್ಚದಲ್ಲಿ ಎಷ್ಟು ಪಾಲು ಪರಿಸರಕ್ಕೆ, ಎಷ್ಟು ಪಾಲು ಉತ್ಪಾದನೆಗೆ? ಕಾಗದದ ಗಿರಣಿಯನ್ನೇ ತೆಗೆದುಕೊಳ್ಳೋಣ. ಕಟ್ಟಿಗೆಯನ್ನು ಕಾಸ್ಟಿಕ್ ಸೋಡಾ ಮುಂತಾದವುಗಳೊಡನೆ ಬೇಯಿಸಿ ತಿರುಳು ತೆಗೆದ ಬಳಿಕ ಕಪ್ಪು ದ್ರಾವಣವೊಂದು ಉಳಿಯುತ್ತದೆ. ಅದನ್ನು ನದಿಗೆ ಬಿಟ್ಟರೆ ಘೋರ ಮಾಲಿನ್ಯ. ಬಾಯ್ಲರಿನಲ್ಲಿ ಉರಿಸಿದರೆ ಶಾಖ ದೊರೆಯುತ್ತದೆ, ರಾಸಾಯನಿಕ ಮರಳಿ ಸಿಗುತ್ತದೆ. ಆ ಬಾಯ್ಲರಿಗೆ ತೊಡಗಿಸಿದ ಹಣವನ್ನು ಪೂರ್ತಿಯಾಗಿ ಪರಿಸರದ ಖಾತೆಗೆ ಬರೆದುಕೊಂಡರೆ ಲೆಕ್ಕ ಉಬ್ಬುತ್ತದೆ. ಪೂರ್ತಿಯಾಗಿ ಬಿಟ್ಟುಬಿಟ್ಟರೆ ಕುಗ್ಗುತ್ತದೆ. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗವು 2012ರಲ್ಲಿ ಅಂಗೀಕರಿಸಿದ ಪರಿಸರ-ಆರ್ಥಿಕ ಲೆಕ್ಕಪದ್ಧತಿಯು ಪ್ರಧಾನ ಉದ್ದೇಶವೇನು ಎಂಬುದನ್ನು ಮಾನದಂಡವಾಗಿ ಇಟ್ಟುಕೊಳ್ಳುವಂತೆ ಸೂಚಿಸುತ್ತದೆ.

ಮೂರನೆಯದಾಗಿ, ದಂಡ, ಶುಲ್ಕ, ಉಪಕರ, ಪರಿಹಾರ ಧನ ಇವು ಸಂರಕ್ಷಣಾ ವೆಚ್ಚಗಳಲ್ಲ. ಇವು ಹಣದ ವರ್ಗಾವಣೆಗಳು. ಸತ್ತ ಮೀನಿಗೆ ಕೊಟ್ಟ ಪರಿಹಾರದಿಂದ ನದಿಯ ನೀರು ಶುದ್ಧವಾಗುವುದಿಲ್ಲ. ಅದೇ ರೀತಿ ಕಾರ್ಖಾನೆಯ ಅಂಗಳದ ಹಸಿರು ಪಟ್ಟಿ, ಶಾಲೆಗೆ ಕೊಟ್ಟ ಸಸಿಗಳು, ಪರಿಸರ ದಿನಾಚರಣೆ ಮೊದಲಾದವು ಸ್ತುತ್ಯವಾದರೂ ಅವನ್ನು ಶುದ್ಧೀಕರಣದ ವೆಚ್ಚದೊಡನೆ ಕೂಡಿಸುವುದು ತರವಲ್ಲ.

3. ಮೇಲ್ದಂಡೆ: ಭದ್ರಾವತಿ

ಮೈಸೂರು ಸಂಸ್ಥಾನದ ಕೈಗಾರಿಕಾ ನೀತಿಯ ಫಲವಾಗಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಆ ವರ್ಷವೇ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆಯನ್ನು ವಹಿಸಿಕೊಂಡರು. ಕಲ್ಲಿದ್ದಲು ದೊರೆಯದ ಪ್ರದೇಶದಲ್ಲಿ ಮಲೆನಾಡಿನ ಕಟ್ಟಿಗೆಯಿಂದ ತಯಾರಿಸಿದ ಇದ್ದಿಲನ್ನೇ ಇಂಧನವಾಗಿ ಬಳಸಲಾಯಿತು. ಕಟ್ಟಿಗೆಯನ್ನು ಇದ್ದಿಲು ಮಾಡುವಾಗ ಹೊರಬರುವ ಆವಿಯನ್ನು ಗಾಳಿಗೆ ಬಿಡದೆ ಹಿಡಿದು ತಣಿಸಿ, ಮರದ ಮದ್ಯಸಾರ, ಟಾರು ಮೊದಲಾದ ಉಪೋತ್ಪನ್ನಗಳನ್ನು ಪಡೆಯುವ ಘಟಕವೂ ಅಲ್ಲಿತ್ತು. ಅಂದಿನ ಉದ್ದೇಶ ಲಾಭ; ಪರಿಸರ ಸಂರಕ್ಷಣೆಯೆಂಬ ಮಾತು ಆ ಕಾಲದ್ದಲ್ಲ. ಆದರೆ ತ್ಯಾಜ್ಯವನ್ನು ಸರಕಾಗಿ ಪರಿವರ್ತಿಸಿದರೆ ವೆಚ್ಚವೇ ಆದಾಯವಾಗಬಲ್ಲದು ಎಂಬುದಕ್ಕೆ ಇದು ನಮ್ಮ ನಾಡಿನ ಆರಂಭದ ನಿದರ್ಶನಗಳಲ್ಲಿ ಒಂದು. ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಕಟ್ಟಿಗೆಗೆ ಕಾಡನ್ನು ಕಡಿದದ್ದರ ಬೆಲೆ ಕಬ್ಬಿಣದ ದರದಲ್ಲಿ ಪೂರ್ತಿಯಾಗಿ ಸೇರಿರಲಿಲ್ಲ.

1936ರಲ್ಲಿ ಅದೇ ಊರಿನಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. ಮುಂದೆ ಪತ್ರಿಕಾ ಕಾಗದದ ತಯಾರಿಕೆಯನ್ನೂ ಕೈಗೊಂಡಿತು. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದಿತು. ಹೀಗೆ ಭದ್ರೆಯ ದಡದ ಎರಡೂ ದೊಡ್ಡ ಉದ್ದಿಮೆಗಳು ಸಾರ್ವಜನಿಕ ವಲಯಕ್ಕೆ ಸೇರಿದವು. ಇದರಿಂದ ಒಂದು ತಾತ್ತ್ವಿಕ ಪ್ರಶ್ನೆ ಏಳುತ್ತದೆ. ಮಾಲಿನ್ಯ ಮಾಡುವ ಉದ್ದಿಮೆಯೂ ಸರ್ಕಾರದ್ದು, ನಿಯಂತ್ರಿಸುವ ಮಂಡಳಿಯೂ ಸರ್ಕಾರದ್ದು ಆದಾಗ ವೆಚ್ಚಕ್ಕಾಗಿ ಒತ್ತಾಯಿಸುವವರು ಯಾರು? ಖಾಸಗಿ ಕಂಪನಿಯ ಲಾಭಕ್ಕೆ ಎದುರಾಗಿ ಸಾರ್ವಜನಿಕ ಹಿತವನ್ನು ನಿಲ್ಲಿಸುವುದು ಸುಲಭ. ಸರ್ಕಾರಿ ಕಾರ್ಖಾನೆಯಲ್ಲಾದರೆ ನೌಕರರ ಹಿತವೂ ಕೆಳದಂಡೆಯ ಜನರ ಹಿತವೂ ಒಂದೇ ಬೊಕ್ಕಸದ ಮುಂದೆ ಪೈಪೋಟಿಗೆ ನಿಲ್ಲುತ್ತವೆ.

ನಷ್ಟದ ಉದ್ದಿಮೆಯಲ್ಲಿ ಈ ಪೈಪೋಟಿ ತೀವ್ರವಾಗುತ್ತದೆ. ವೇತನವನ್ನು ನಿಲ್ಲಿಸಿದರೆ ಕಾರ್ಮಿಕರು ಗೇಟಿನ ಮುಂದೆ ಕೂರುತ್ತಾರೆ. ವಿದ್ಯುತ್ ಬಿಲ್ಲು ಕಟ್ಟದಿದ್ದರೆ ಸಂಪರ್ಕ ಕಡಿತಗೊಳ್ಳುತ್ತದೆ. ಶುದ್ಧೀಕರಣ ಘಟಕದ ದುರಸ್ತಿಯನ್ನು ಮುಂದೂಡಿದರೆ ಮಾತ್ರ ಆ ದಿನ ಯಾರೂ ಕೇಳುವುದಿಲ್ಲ. ಲೆಕ್ಕಪತ್ರದಲ್ಲಿ ಮುಂದೂಡಲು ಅತ್ಯಂತ ಸುಲಭವಾದ ಬಾಬ್ತು ಇದೇ. ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015-16ರ ಹೊತ್ತಿಗೆ ಸ್ಥಗಿತಗೊಂಡಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರಲ್ಲಿ ಪ್ರಕಟವಾದಾಗ ಕಾರ್ಮಿಕರು ದೀರ್ಘ ಹೋರಾಟ ನಡೆಸಿದರು. ಕಾರ್ಖಾನೆ ನಿಂತರೆ ನೀರು ತಿಳಿಯಾಗಬಹುದು. ಆದರೆ ಅದು ಸಂರಕ್ಷಣೆಯಲ್ಲ, ದುಡಿಮೆ ಕಳೆದುಕೊಂಡ ಕುಟುಂಬಗಳು ತೆತ್ತ ಬೆಲೆ. ಸಕಾಲದಲ್ಲಿ ಮಾಡಿದ ಸಂರಕ್ಷಣಾ ವೆಚ್ಚದ ಅರ್ಥವೇ ಇದು: ನದಿ ಮತ್ತು ಕೆಲಸಗಳ ಪೈಕಿ ಒಂದನ್ನು ಆಯ್ದುಕೊಳ್ಳುವ ಇಕ್ಕಟ್ಟು ಬಾರದಂತೆ ನೋಡಿಕೊಳ್ಳುವುದು.

4. ಕೆಳದಂಡೆ: ಕುಮಾರಪಟ್ಟಣ

ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಗ್ವಾಲಿಯರ್ ರೇಯಾನ್ ಕಂಪನಿಗೆ ಸೇರಿದ ಇದು ಮರದ ತಿರುಳನ್ನೂ, 1977ರಿಂದ ಅಲ್ಲಿಯೇ ತೊಡಗಿದ ಇನ್ನೊಂದು ಘಟಕವು ವಿಸ್ಕೋಸ್ ನಾರನ್ನೂ ತಯಾರಿಸಿದವು. ಮಾತೃಸಂಸ್ಥೆಯು 1986ರಲ್ಲಿ ಗ್ರಾಸಿಂ ಇಂಡಸ್ಟ್ರೀಸ್ ಎಂದು ಹೆಸರು ಬದಲಿಸಿಕೊಂಡಿತು. ವಿಸ್ಕೋಸ್ ತಯಾರಿಕೆಗೆ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್, ಗಂಧಕಾಮ್ಲ, ಸತುವಿನ ಲವಣ ಬೇಕಾಗುತ್ತವೆ. ಆದ್ದರಿಂದ ಇಲ್ಲಿ ಜಲಮಾಲಿನ್ಯದೊಡನೆ ದುರ್ನಾತದ ಅನಿಲಗಳ ಸಮಸ್ಯೆಯೂ ಸೇರಿಕೊಂಡಿರುತ್ತದೆ.

1980ರ ದಶಕದಲ್ಲಿ ನದಿಯ ಮಾಲಿನ್ಯವನ್ನು ವಿರೋಧಿಸಿ ಕೆಳದಂಡೆಯ ಗ್ರಾಮಗಳ ಜನರು ಸಂಘಟಿತರಾದರು. ಧಾರವಾಡದಲ್ಲಿ ಎಸ್. ಆರ್. ಹಿರೇಮಠರ ನೇತೃತ್ವದ ಸಮಾಜ ಪರಿವರ್ತನ ಸಮುದಾಯವು ಈ ಚಳವಳಿಗೆ ಅಧ್ಯಯನ ಮತ್ತು ಕಾನೂನಿನ ಬಲವನ್ನು ಒದಗಿಸಿತು. ಕರ್ನಾಟಕದಲ್ಲಿ ಕೈಗಾರಿಕಾ ಮಾಲಿನ್ಯವನ್ನು ಕುರಿತು ಹಳ್ಳಿಗರೇ ಪ್ರಶ್ನೆ ಎತ್ತಿದ ಮೊದಲ ಹೋರಾಟಗಳಲ್ಲಿ ಇದು ಪ್ರಮುಖವಾದುದು.

ಈ ಕಾರ್ಖಾನೆಯ ಕಚ್ಚಾ ವಸ್ತುವಿನ ಪ್ರಶ್ನೆಯೂ ವೆಚ್ಚದ ಪ್ರಶ್ನೆಯೇ ಆಗಿತ್ತು. 1984ರಲ್ಲಿ ರಾಜ್ಯ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಸ್ಥಾಪನೆಯಾಗಿ, ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ರೂಪುಗೊಂಡಿತು. ಆ ಭೂಮಿಯಲ್ಲಿ ಬಹುಭಾಗ ಹಳ್ಳಿಗರು ದನ ಮೇಯಿಸಲು, ಸೌದೆ ತರಲು ಆಶ್ರಯಿಸಿದ್ದ ಸಾಮುದಾಯಿಕ ನೆಲ. ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು ಉಪಯುಕ್ತ ಗಿಡಗಳನ್ನು ನೆಡುವ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಅಗ್ಗವಾಗಿ ಕಾಣಬೇಕಾಗಿದ್ದ ತಿರುಳಿನ ಕಟ್ಟಿಗೆಯ ನಿಜವಾದ ಬೆಲೆಯನ್ನು ಹುಲ್ಲು, ಸೌದೆ, ಸಗಣಿಯ ರೂಪದಲ್ಲಿ ಹಳ್ಳಿಗಳು ತೆರಬೇಕಾಗಿತ್ತು ಎಂಬುದನ್ನು ಈ ಸತ್ಯಾಗ್ರಹ ನಾಡಿಗೆ ತಿಳಿಸಿತು.

ಇಲ್ಲಿ ಆಡಳಿತದ ಒಂದು ಅಂಶವನ್ನು ಹೇಳಬೇಕು. 1997ರಲ್ಲಿ ದಾವಣಗೆರೆ ಮತ್ತು ಹಾವೇರಿ ಜಿಲ್ಲೆಗಳು ರಚನೆಯಾಗುವ ಮೊದಲು ಭದ್ರಾವತಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿ, ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿ, ಕುಮಾರಪಟ್ಟಣ ಧಾರವಾಡ ಜಿಲ್ಲೆಯಲ್ಲಿದ್ದವು. ಇಂದು ಆ ಮೂರರ ಸ್ಥಾನದಲ್ಲಿ ಶಿವಮೊಗ್ಗ, ದಾವಣಗೆರೆ, ಹಾವೇರಿಗಳಿವೆ. ಒಂದೇ ನದಿಯ ಒಂದೇ ಹರಿವು ಅಂದೂ ಇಂದೂ ಮೂರು ಜಿಲ್ಲೆಗಳ ಕಡತಗಳಲ್ಲಿ ಹಂಚಿಹೋಗಿದೆ. ಮೇಲಿನ ಜಿಲ್ಲೆಯ ವೆಚ್ಚಕ್ಕೂ ಕೆಳಗಿನ ಜಿಲ್ಲೆಯ ಲಾಭಕ್ಕೂ ನಂಟು ಕಲ್ಪಿಸುವ ಲೆಕ್ಕ ಯಾವ ಕಚೇರಿಯಲ್ಲೂ ಸಹಜವಾಗಿ ಹುಟ್ಟುವುದಿಲ್ಲ.

5. ಕಾನೂನು, ಉಪಕರ ಮತ್ತು ಪ್ರೇರಣೆ

1974ರ ಜಲಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯ ಮೇರೆಗೆ ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಾಪಿತವಾಯಿತು. 1981ರ ವಾಯುಮಾಲಿನ್ಯ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಇದಕ್ಕೆ ಪೂರಕವಾದವು. ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯನೀರಿನ ಸಾಮಾನ್ಯ ಮಾನಕದಂತೆ ಜೈವಿಕ ಆಮ್ಲಜನಕ ಬೇಡಿಕೆ (ಬಿ.ಓ.ಡಿ.) ಲೀಟರಿಗೆ 30 ಮಿಲಿಗ್ರಾಂ, ರಾಸಾಯನಿಕ ಆಮ್ಲಜನಕ ಬೇಡಿಕೆ 250 ಮಿಲಿಗ್ರಾಂ ಮೀರಕೂಡದು. 2003ರ ಮಾರ್ಚಿಯಲ್ಲಿ ಕೇಂದ್ರ ಪರಿಸರ ಸಚಿವಾಲಯವು 17 ವರ್ಗಗಳ ಅತಿ ಮಾಲಿನ್ಯಕಾರಿ ಉದ್ದಿಮೆಗಳಿಗೆ ಪರಿಸರ ಹೊಣೆಗಾರಿಕೆಯ ಸನ್ನದನ್ನು ಪ್ರಕಟಿಸಿತು. 1992ಕ್ಕೆ ಮೊದಲು ಸ್ಥಾಪಿತವಾದ ದೊಡ್ಡ ಕಾಗದ ಗಿರಣಿಗಳು ಟನ್ ಕಾಗದಕ್ಕೆ ಹೊರಬಿಡುವ ನೀರನ್ನು ಎರಡು ವರ್ಷಗಳಲ್ಲಿ 140 ಘನ ಮೀಟರಿಗೆ, ನಾಲ್ಕು ವರ್ಷಗಳಲ್ಲಿ 120 ಘನ ಮೀಟರಿಗೆ ಇಳಿಸಬೇಕೆಂದು ಅದು ಗೊತ್ತುಪಡಿಸಿತು.

ಇವೆಲ್ಲ ಆಜ್ಞೆಗಳು. ಹಣದ ಮೂಲಕ ಪ್ರೇರಣೆ ನೀಡುವ ಉದ್ದೇಶದಿಂದ ಬಂದದ್ದು 1977ರ ಜಲ ಉಪಕರ ಕಾಯ್ದೆ. ಬಳಸಿದ ನೀರಿನ ಪ್ರತಿ ಸಾವಿರ ಲೀಟರಿಗೆ ಉಪಕರ ವಿಧಿಸಿ, ಶುದ್ಧೀಕರಣ ಘಟಕ ನಿರ್ಮಿಸಿದವರಿಗೆ ರಿಯಾಯಿತಿ ನೀಡುವ ವ್ಯವಸ್ಥೆ ಅದರಲ್ಲಿತ್ತು. ಮೊದಲು ಶೇ. 70ರಷ್ಟಿದ್ದ ರಿಯಾಯಿತಿಯು 1991ರ ತಿದ್ದುಪಡಿಯಿಂದ ಶೇ. 25ಕ್ಕೆ ಇಳಿಯಿತು. 2003ರ ತಿದ್ದುಪಡಿಯ ಬಳಿಕ, ಸುಲಭವಾಗಿ ಕೊಳೆಯದ ಅಥವಾ ವಿಷಕಾರಿಯಾದ ಮಾಲಿನ್ಯ ಉಂಟುಮಾಡುವ ತಯಾರಿಕೆಗೆ ಬಳಸಿದ ನೀರಿಗೆ ಸಾವಿರ ಲೀಟರಿಗೆ 15 ಪೈಸೆ. ನಿಯಮ ಪಾಲಿಸದವರಿಗೆ 30 ಪೈಸೆ ದರವಾಯಿತು. ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ 2017ರ ಜುಲೈ 1ರಿಂದ ಈ ಉಪಕರ ರದ್ದಾಯಿತು.

ಈ ದರಗಳು ಎಷ್ಟು ಪ್ರೇರಣೆ ನೀಡಬಲ್ಲವಾಗಿದ್ದವು ಎಂಬುದನ್ನು ಒಂದು ಕಲ್ಪಿತ ಗಿರಣಿಯ ಲೆಕ್ಕದಿಂದ ಪರೀಕ್ಷಿಸಬಹುದು. ವರ್ಷಕ್ಕೆ 1 ಲಕ್ಷ ಟನ್ ಕಾಗದ ತಯಾರಿಸುವ, ಟನ್ನಿಗೆ 140 ಘನ ಮೀಟರ್ ನೀರು ಬಳಸಿ ಬಿಡುವ ಗಿರಣಿಯೊಂದಿದೆ ಎಂದು ಇಟ್ಟುಕೊಳ್ಳೋಣ. ವರ್ಷದ ನೀರು 1 ಕೋಟಿ 40 ಲಕ್ಷ ಘನ ಮೀಟರ್. 15 ಪೈಸೆಯಂತೆ ಉಪಕರ 21 ಲಕ್ಷ ರೂಪಾಯಿ; ಶೇ. 25ರ ರಿಯಾಯಿತಿ ಕಳೆದರೆ 15.75 ಲಕ್ಷ. ನಿಯಮ ಪಾಲಿಸದಿದ್ದರೆ 30 ಪೈಸೆಯಂತೆ 42 ಲಕ್ಷ. ಅಂದರೆ ಕಾನೂನನ್ನು ಪಾಲಿಸಿದ್ದರಿಂದ ಉಳಿಯುವ ಹಣ 26.25 ಲಕ್ಷ ರೂಪಾಯಿ.

ಇನ್ನು ಪಾಲಿಸಲು ಬೇಕಾದ ವೆಚ್ಚ. ನೀರಿನ ಬಿ.ಓ.ಡಿ.ಯನ್ನು ಲೀಟರಿಗೆ 300 ಮಿಲಿಗ್ರಾಮಿನಿಂದ 30ಕ್ಕೆ ಇಳಿಸಬೇಕೆಂದರೆ ಪ್ರತಿ ಘನ ಮೀಟರಿನಿಂದ 270 ಗ್ರಾಂ ತೆಗೆಯಬೇಕು. ವರ್ಷಕ್ಕೆ ಇದು 37.8 ಲಕ್ಷ ಕಿಲೋಗ್ರಾಂ ಆಗುತ್ತದೆ. ಸೂಕ್ಷ್ಮಜೀವಿಗಳು ಈ ಕೆಲಸ ಮಾಡಲು ಹೆಚ್ಚುಕಡಿಮೆ ಅಷ್ಟೇ ತೂಕದ ಆಮ್ಲಜನಕವನ್ನು ಯಂತ್ರಗಳಿಂದ ನೀರಿಗೆ ಬೆರೆಸಬೇಕು. ಒಂದು ಯೂನಿಟ್ ವಿದ್ಯುತ್ತಿಗೆ 1.2 ಕಿಲೋಗ್ರಾಂ ಆಮ್ಲಜನಕ ಬೆರೆಯುತ್ತದೆಂದು ಹಿಡಿದರೆ 31.5 ಲಕ್ಷ ಯೂನಿಟ್ ಬೇಕು. ಯೂನಿಟ್ಟಿಗೆ 5 ರೂಪಾಯಿಯಂತೆ 1 ಕೋಟಿ 57.5 ಲಕ್ಷ ರೂಪಾಯಿ. ಇದು ಗಾಳಿ ಬೆರೆಸುವ ವಿದ್ಯುತ್ತಿನ ಖರ್ಚು ಮಾತ್ರ. ರಾಸಾಯನಿಕ, ಸಿಬ್ಬಂದಿ, ಕೆಸರು, ಬಂಡವಾಳದ ಬಡ್ಡಿ ಇದರಲ್ಲಿ ಸೇರಿಲ್ಲ. ಪಾಲಿಸಿದ್ದರಿಂದ ಉಳಿಯುವುದಕ್ಕಿಂತ ಪಾಲಿಸಲು ತಗಲುವುದು ಆರು ಪಟ್ಟು.

ಈ ಲೆಕ್ಕದಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ಉಪಕರವು ವರಮಾನದ ಸಾಧನವಾಗಿತ್ತೇ ಹೊರತು ಪ್ರೇರಣೆಯ ಸಾಧನವಾಗಿರಲಿಲ್ಲ. ಎರಡನೆಯದು, ಶುದ್ಧೀಕರಣ ಘಟಕವನ್ನು ಕಟ್ಟಿದ ಮೇಲೂ ಅದನ್ನು ರಾತ್ರಿ ಹೊತ್ತು ನಿಲ್ಲಿಸುವ ಪ್ರಲೋಭನೆ ಸದಾ ಇರುತ್ತದೆ. ಏಕೆಂದರೆ ನಿಲ್ಲಿಸಿದ ಪ್ರತಿ ಗಂಟೆಗೂ ಹಣ ಉಳಿಯುತ್ತದೆ. ಅತಿ ಮಾಲಿನ್ಯಕಾರಿ ಉದ್ದಿಮೆಗಳು ಸತತ ಮಾಪನದ ಉಪಕರಣಗಳನ್ನು ಅಳವಡಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ನಿರ್ದೇಶಿಸಿದ್ದರ ಮಹತ್ತ್ವ ಇಲ್ಲಿ ತಿಳಿಯುತ್ತದೆ.

ಮಾನಕಗಳು ಸಾಂದ್ರತೆಯನ್ನು ಹೇಳುತ್ತವೆ, ನದಿಯ ಹರಿವನ್ನು ಗಣಿಸುವುದಿಲ್ಲ ಎಂಬುದೂ ಪರಿಶೀಲನಾರ್ಹ. ಹೊನ್ನಾಳಿಯಲ್ಲಿ ಕೇಂದ್ರ ಜಲ ಆಯೋಗವು ನದಿಯ ಹರಿವನ್ನು ಅಳೆಯುತ್ತದೆ. ಮಳೆಗಾಲದ ತುಂಬು ಹೊಳೆಗೂ ಬೇಸಿಗೆಯ ಸಣ್ಣ ಹರಿವಿಗೂ ಅಜಗಜಾಂತರ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಗಾಜನೂರಿನ ತುಂಗಾ ಅಣೆಕಟ್ಟುಗಳಿಂದ ಕಾಲುವೆಗೆ ತಿರುಗಿದ ನೀರು ನದಿಯ ಪಾತ್ರದಲ್ಲಿರುವುದಿಲ್ಲ. ಆಗಸ್ಟ್‌ನಲ್ಲಿ ಹಾನಿ ಮಾಡದ ತ್ಯಾಜ್ಯ ಏಪ್ರಿಲ್‌ನಲ್ಲಿ ಮೀನನ್ನು ಕೊಲ್ಲಬಲ್ಲದು. ಆದ್ದರಿಂದ ಶುದ್ಧೀಕರಣಕ್ಕೆ ಮಾಡುವ ವೆಚ್ಚ ಅತ್ಯಧಿಕವಾಗಿರಬೇಕಾದದ್ದು ಬೇಸಿಗೆಯಲ್ಲಿ.

6. ಲೆಕ್ಕ ಎಲ್ಲಿದೆ?

ವೆಚ್ಚದ ಅಂಕಿಅಂಶಗಳಿಗೆ ನಮ್ಮಲ್ಲಿ ಕೊರತೆಯಿದ್ದರೂ ಮೂಲಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಮೊದಲನೆಯದು, ಪರಿಸರ ಸಂರಕ್ಷಣಾ ನಿಯಮಗಳಿಗೆ 1992ರಲ್ಲಿ ಸೇರಿಸಿದ 14ನೆಯ ನಿಯಮ ಮತ್ತು ಅದರ ‘ನಮೂನೆ 5’. ಮಾರ್ಚಿ 31ಕ್ಕೆ ಮುಗಿಯುವ ಸಾಲಿಗೆ ಪ್ರತಿ ಉದ್ದಿಮೆಯೂ ಸೆಪ್ಟೆಂಬರ್ 30ರೊಳಗೆ ಪರಿಸರ ವಿವರಣಾ ಪಟ್ಟಿಯನ್ನು ರಾಜ್ಯ ಮಂಡಳಿಗೆ ಸಲ್ಲಿಸಬೇಕು. ನೀರು ಮತ್ತು ಕಚ್ಚಾ ವಸ್ತುವಿನ ಬಳಕೆ, ಹೊರಬಿದ್ದ ಮಾಲಿನ್ಯ, ಅಪಾಯಕಾರಿ ತ್ಯಾಜ್ಯ ಇವುಗಳ ಜೊತೆಗೆ, ಮಾಲಿನ್ಯ ನಿಯಂತ್ರಣ ಕ್ರಮಗಳಿಂದ ಉತ್ಪಾದನಾ ವೆಚ್ಚದ ಮೇಲಾದ ಪರಿಣಾಮವೇನು, ಮುಂದೆ ಮಾಡಲಿರುವ ಹೂಡಿಕೆಯೇನು ಎಂಬ ಎರಡು ಭಾಗಗಳೂ ಅದರಲ್ಲಿವೆ. ಈ ಎರಡನ್ನೇ ಕ್ರೋಡೀಕರಿಸಿದರೂ ರಾಜ್ಯದ ಕೈಗಾರಿಕೆಗಳ ಸಂರಕ್ಷಣಾ ವೆಚ್ಚದ ಒಂದು ಸ್ಥೂಲ ಚಿತ್ರ ದೊರೆಯುತ್ತದೆ.

ಎರಡನೆಯದು ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ. ಅದರ ಸ್ಥಿರಾಸ್ತಿಯ ಪಟ್ಟಿಯಲ್ಲಿ ಮಾಲಿನ್ಯ ನಿಯಂತ್ರಣ ಉಪಕರಣಗಳಿಗೆ ಪ್ರತ್ಯೇಕ ಸಾಲು ಇದೆ. ಇದರಿಂದ ಬಂಡವಾಳ ವೆಚ್ಚ ತಿಳಿಯುತ್ತದೆ; ಉಪಕರಣ ಚಾಲೂ ಇತ್ತೇ ಎಂಬುದು ತಿಳಿಯುವುದಿಲ್ಲ.

ಮೂರನೆಯದು ಕಂಪನಿಗಳ ವಾರ್ಷಿಕ ವರದಿ. 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭವುಳ್ಳ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಪರಿಸರವೂ ಅದರ ಬಾಬ್ತುಗಳಲ್ಲಿ ಒಂದು. ಆದರೆ ಕಂಪನಿಯ ದೈನಂದಿನ ವ್ಯವಹಾರದ ಭಾಗವಾದ ಕೆಲಸ ಇದರಡಿ ಬರುವುದಿಲ್ಲ. ತನ್ನ ತ್ಯಾಜ್ಯನೀರನ್ನು ಶುದ್ಧೀಕರಿಸುವುದು ಹೊಣೆಗಾರಿಕೆಯ ದಾನವಲ್ಲ, ಕಾನೂನಿನ ಕರ್ತವ್ಯ. ಸಂಶೋಧಕರು ಈ ಎರಡು ಮೊತ್ತಗಳನ್ನು ಬೆರೆಸದಿರುವುದು ಅವಶ್ಯ. ಷೇರು ಮಾರುಕಟ್ಟೆಯ ಮೊದಲ 1,000 ಕಂಪನಿಗಳು 2022-23ರ ಸಾಲಿನಿಂದ ಸಲ್ಲಿಸಬೇಕಾದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯಲ್ಲಿ ಪರಿಸರ ಸುಧಾರಣೆಯ ತಂತ್ರಜ್ಞಾನಕ್ಕೆ ತೊಡಗಿಸಿದ ಬಂಡವಾಳದ ಶೇಕಡಾವಾರು ಪ್ರಮಾಣವನ್ನು ಕೇಳಲಾಗಿದೆ. ಇದೂ ಇಡೀ ಕಂಪನಿಯ ಸರಾಸರಿ. ಒಂದು ನದಿಯ ದಡದ ಒಂದು ಘಟಕದ ಲೆಕ್ಕವಲ್ಲ.

7. ಸಣ್ಣ ಉದ್ದಿಮೆಗಳ ಪ್ರಶ್ನೆ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ತಾಲ್ಲೂಕುಗಳ ಸ್ವಂತ ಉದ್ದಿಮೆಗಳತ್ತ ನೋಡಿದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಕುಸುಬಲಕ್ಕಿ ತಯಾರಿಸುವ ಗಿರಣಿಯಲ್ಲಿ ಭತ್ತ ನೆನೆಸಿದ ನೀರು ಬೇಗ ಹುಳಿತು ನಾರುತ್ತದೆ. ನೂರು ಟನ್ ಭತ್ತದಿಂದ ಸುಮಾರು 20 ಟನ್ ಹೊಟ್ಟು, ಅದನ್ನು ಉರಿಸಿದರೆ ಸುಮಾರು 4 ಟನ್ ಬೂದಿ ಬರುತ್ತದೆ. ಅಡಿಕೆ ಸುಲಿದ ಸಿಪ್ಪೆ ರಸ್ತೆಯ ಬದಿಯಲ್ಲಿ ರಾಶಿಬಿದ್ದು ಹೊಗೆಯಾಡುವುದು ಈ ಭಾಗದವರಿಗೆ ಪರಿಚಿತ ದೃಶ್ಯ. ಅಡಿಕೆ ಬೇಯಿಸಿದ ಚೊಗರಿಗೆ ಬೆಲೆಯಿರುವುದರಿಂದ ಅದನ್ನು ಯಾರೂ ಚೆಲ್ಲುವುದಿಲ್ಲ. ಸಿಪ್ಪೆಗೆ ಬೆಲೆಯಿಲ್ಲದ್ದರಿಂದ ಅದು ರಸ್ತೆಗೆ ಬರುತ್ತದೆ. ಭದ್ರಾವತಿಯ ಕಟ್ಟಿಗೆ ಆವಿಯ ಉದಾಹರಣೆ ಹೇಳಿದ್ದನ್ನೇ ಚೊಗರೂ ಹೇಳುತ್ತದೆ.

ಸಣ್ಣ ಘಟಕಗಳಿಗೆ ಶುದ್ಧೀಕರಣ ದುಬಾರಿ. ಇಂತಹ ಸ್ಥಾವರಗಳ ಬಂಡವಾಳ ವೆಚ್ಚವು ಗಾತ್ರದ 0.6ನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆಂಬುದು ತಂತ್ರಜ್ಞರ ಸ್ಥೂಲ ಸೂತ್ರ. ಅದರಂತೆ ಗಾತ್ರ ಹತ್ತನೆಯ ಒಂದು ಪಾಲಾದರೆ ವೆಚ್ಚ ಕಾಲುಭಾಗಕ್ಕೆ ಮಾತ್ರ ಇಳಿಯುತ್ತದೆ. ಸಾವಿರ ಲೀಟರಿಗೆ ತಗಲುವ ಬಂಡವಾಳ ಎರಡೂವರೆ ಪಟ್ಟಾಗುತ್ತದೆ. ಎಂ. ಎನ್. ಮೂರ್ತಿ ಮತ್ತು ಸಹಲೇಖಕರು ಭಾರತದ ಜಲಮಾಲಿನ್ಯದ ಅರ್ಥಶಾಸ್ತ್ರವನ್ನು ಕುರಿತು 1999ರಲ್ಲಿ ಪ್ರಕಟಿಸಿದ ಕೃತಿಯು ಈ ಬಗೆಯ ವೆಚ್ಚಗಳನ್ನು ವಿವರವಾಗಿ ಚರ್ಚಿಸಿದೆ. ಸಾಮೂಹಿಕ ಶುದ್ಧೀಕರಣ ಘಟಕಗಳಿಗೆ ಸರ್ಕಾರ ಸಹಾಯಧನ ನೀಡುವುದಕ್ಕೆ ಇದೇ ಕಾರಣ. ಆದರೆ ಹಳ್ಳಿ ಹಳ್ಳಿಗೆ ಚದುರಿದ ಗಿರಣಿ, ಅಡಿಕೆ ಮನೆಗಳಿಗೆ ಈ ಉಪಾಯ ಹೊಂದುವುದಿಲ್ಲ. ವಿದ್ಯುತ್ ಬಳಸಿ 10ಕ್ಕಿಂತ ಕಡಿಮೆ ಜನರನ್ನು ದುಡಿಸುವ ಘಟಕಗಳು ವಾರ್ಷಿಕ ಸಮೀಕ್ಷೆಯ ವ್ಯಾಪ್ತಿಗೂ ಬರುವುದಿಲ್ಲ. ಇವುಗಳಿಗೆ ಕಾನೂನಿನ ಕೋಲಿಗಿಂತ ಹೊಟ್ಟು, ಸಿಪ್ಪೆಗಳಿಗೆ ಮಾರುಕಟ್ಟೆ ಒದಗಿಸುವುದೇ ಹೆಚ್ಚು ಫಲಕಾರಿ.

8. ಭಾರ ಹೊರುವವರು ಯಾರು?

ಉದ್ದಿಮೆಯು ವೆಚ್ಚ ಮಾಡಿದೆಯೆಂದ ಮಾತ್ರಕ್ಕೆ ಭಾರವೆಲ್ಲ ಉದ್ದಿಮೆಯದೇ ಆಗಿರುವುದಿಲ್ಲ. ಮಾಲಿನ್ಯ ನಿಯಂತ್ರಣದ ಉಪಕರಣಗಳಿಗೆ ಆದಾಯ ತೆರಿಗೆಯಲ್ಲಿ ಬಹುಕಾಲ ಶೇ. 100ರ ಸವಕಳಿ ದೊರೆಯುತ್ತಿತ್ತು. 2017ರಿಂದ ಸವಕಳಿಯ ಗರಿಷ್ಠ ದರ ಶೇ. 40. ತೆರಿಗೆಯ ದರ ಶೇ. 30 ಎಂದಿಟ್ಟುಕೊಂಡರೆ, 10 ಕೋಟಿಯ ಘಟಕಕ್ಕೆ ಮೊದಲ ವರ್ಷವೇ ಉಳಿಯುತ್ತಿದ್ದ ತೆರಿಗೆ 3 ಕೋಟಿ, ಈಗ 1.2 ಕೋಟಿ, ಉಳಿದದ್ದು ಮುಂದಿನ ವರ್ಷಗಳಲ್ಲಿ. ಹೀಗೆ ಒಂದು ಪಾಲನ್ನು ಬೊಕ್ಕಸವೂ ಇನ್ನೊಂದು ಪಾಲನ್ನು ಬೆಲೆಯ ಮೂಲಕ ಗ್ರಾಹಕನೂ ಹೊರುತ್ತಾರೆ.

‘ನಮಗೆ ಶಕ್ತಿಯಿಲ್ಲ’ ಎಂಬ ವಾದಕ್ಕೆ ಸರ್ವೋಚ್ಚ ನ್ಯಾಯಾಲಯ 1987ರಲ್ಲಿಯೇ ಉತ್ತರಿಸಿದೆ. ಕಾನಪುರದ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ, ಕನಿಷ್ಠ ವೇತನ ಕೊಡಲಾರದ ಉದ್ದಿಮೆಗೆ ಹೇಗೆ ಅಸ್ತಿತ್ವವಿಲ್ಲವೋ ಹಾಗೆಯೇ ಪ್ರಾಥಮಿಕ ಶುದ್ಧೀಕರಣ ಘಟಕವನ್ನು ಸ್ಥಾಪಿಸಲಾರದ ಉದ್ದಿಮೆಗೂ ಮುಂದುವರಿಯಲು ಅವಕಾಶವಿಲ್ಲವೆಂಬ ಅಭಿಪ್ರಾಯವನ್ನು ನ್ಯಾಯಾಲಯ ತಳೆಯಿತು. 1996ರ ವೆಲ್ಲೂರು ಪ್ರಕರಣದಲ್ಲಿ ಮಾಲಿನ್ಯಗೈದವನೇ ಅದರ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ದೇಶದ ಕಾನೂನಿನ ಭಾಗವೆಂದು ಸಾರಿತು. ಈ ತೀರ್ಪುಗಳ ಪ್ರಕಾರ ಸಂರಕ್ಷಣಾ ವೆಚ್ಚವು ವೇತನದಂತೆ ಉತ್ಪಾದನೆಯ ಅವಿಭಾಜ್ಯ ವೆಚ್ಚ.

ಹಾಗೆಂದು ನದಿಯ ಎಲ್ಲ ದೋಷವನ್ನೂ ಕಾರ್ಖಾನೆಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಕೇಂದ್ರ ಮಂಡಳಿಯು 2018ರಲ್ಲಿ ಗುರುತಿಸಿದ ದೇಶದ 351 ಕಲುಷಿತ ನದೀಭಾಗಗಳಲ್ಲಿ ಕರ್ನಾಟಕದವು 17. ತುಂಗಾ, ಭದ್ರಾ, ತುಂಗಭದ್ರಾ ಮೂರೂ ಆ ಪಟ್ಟಿಯಲ್ಲಿದ್ದವು. ಭದ್ರಾವತಿಯ ಕಾಗದ ಕಾರ್ಖಾನೆ ಆ ವೇಳೆಗೆ ನಿಂತಿತ್ತೆಂಬುದನ್ನು ನೆನೆದರೆ ಪಟ್ಟಣಗಳ ಚರಂಡಿ ನೀರಿನ ಪಾಲು ಎಷ್ಟೆಂಬುದು ಊಹೆಗೆ ನಿಲುಕುತ್ತದೆ. ಕಾರ್ಖಾನೆಗೆ ಹಾಕುವ ಪ್ರಶ್ನೆಯನ್ನು ಪುರಸಭೆಗೂ ಹಾಕಬೇಕು.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಬಂಡವಾಳ ವೆಚ್ಚದ ಮೊತ್ತವೊಂದರಿಂದಲೇ ಉದ್ದಿಮೆಯ ಕಾಳಜಿಯನ್ನು ಅಳೆಯಲಾಗದು. ನಿರ್ವಹಣಾ ವೆಚ್ಚವೇ ನಿಜವಾದ ಅಳತೆಗೋಲು. ಅದನ್ನು ಅರಿಯಲು ಶುದ್ಧೀಕರಣ ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಇದ್ದು ಅದರ ಮಾಸಿಕ ಅಂಕಿಗಳು ಪ್ರಕಟವಾದರೆ ಬಹುಮಟ್ಟಿಗೆ ಸಾಕು. ನಮೂನೆ 5ರ ವಿವರಗಳನ್ನು ಜಿಲ್ಲೆಯ ಪ್ರಕಾರವಲ್ಲದೆ ನದಿಯ ಪ್ರಕಾರ ಕ್ರೋಡೀಕರಿಸಿ ಪ್ರತಿವರ್ಷ ಗ್ರಂಥಾಲಯಗಳಿಗೆ ಒದಗಿಸಿದರೆ ಸಂಶೋಧನೆಗೆ ಗಟ್ಟಿಯಾದ ಆಧಾರ ಸಿಗುತ್ತದೆ. ಉದ್ದಿಮೆಯು ನಷ್ಟಕ್ಕೆ ಬಿದ್ದಾಗಲೂ ಶುದ್ಧೀಕರಣ ನಿಲ್ಲದಂತೆ ಲಾಭದ ವರ್ಷಗಳಲ್ಲಿಯೇ ಮೀಸಲು ನಿಧಿಯೊಂದನ್ನು ತೆಗೆದಿರಿಸುವ ನಿಯಮ ಅಗತ್ಯ.

ಹೊನ್ನಾಳಿಯ ಸೇತುವೆಯ ಮೇಲೆ ನಿಂತವನಿಗೆ ಮೇಲಿನ ಕಾರ್ಖಾನೆಯ ಲೆಕ್ಕಪುಸ್ತಕ ಕಾಣುವುದಿಲ್ಲ. ಕೆಳಗೆ ಹರಿಯುವ ನೀರು ಮಾತ್ರ ಕಾಣುತ್ತದೆ. ಆ ನೀರಿನ ಬಣ್ಣಕ್ಕೂ ಲೆಕ್ಕಪುಸ್ತಕದ ಅಂಕಿಗಳಿಗೂ ಇರುವ ಸಂಬಂಧವನ್ನು ಸಾರ್ವಜನಿಕರ ಮುಂದೆ ಇಡುವುದು ಅರ್ಥಶಾಸ್ತ್ರದ ಸಂಶೋಧಕರ ಹೊಣೆ. ಅದಕ್ಕೆ ಬೇಕಾದ ದಾಖಲೆಗಳು ಕಚೇರಿಗಳಲ್ಲಿ ಇವೆ. ಅವುಗಳನ್ನು ತೆರೆದು ಓದುವ ಕೆಲಸ ಆಗಬೇಕಾಗಿದೆ.